ಜಪಾನಿನವರ ಹಾಗೆ ಸೋಡಾ ಕುಡಿಯುವುದು

ನನಗೆ ಜಪಾನಿ ಭಾಷೆಯಲ್ಲಿ ಒಂದಕ್ಷರ ಬರುವುದಿಲ್ಲ. ಆದರೆ ಆ ದೇಶದ ಟೀವಿಯ ತಂಪು ಪಾನೀಯದ ಜಾಹೀರಾತುಗಳನ್ನು ನನ್ನಷ್ಟು ನೋಡಿದವರು ಹುಣಸೂರಿನಲ್ಲಿ ಇನ್ನೊಬ್ಬರಿದ್ದರೆ ಬರಲಿ, ಮಾತಾಡೋಣ. ಹೊಲಿಗೆ ಮೆಷಿನ್ನಿಗೆ ಮೊಬೈಲ್ ಒರಗಿಸಿಕೊಂಡು, ಬ್ಲೌಸುಗಳಿಗೆ ಹುಕ್ಸ್ ಹಾಕುತ್ತ ಯೂಟ್ಯೂಬಿನಲ್ಲಿ ನೋಡುತ್ತೇನೆ. ಒಂದರಲ್ಲಿ ಸೂಟು ತೊಟ್ಟ ಗಂಡಸು ಗುಡ್ಡ ಹತ್ತಿ, ಬಾಟಲಿ ಎತ್ತಿ ಕುಡಿದು, ಕಣಿವೆಯ ಕಡೆ ತಿರುಗಿ ಕಿರುಚುತ್ತಾನೆ. ಯಾಕೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಇನ್ನೊಂದರಲ್ಲಿ ನೂರಾರು ಹುಡುಗಿಯರು ಯೂನಿಫಾರ್ಮಿನಲ್ಲೇ ಶಾಲೆಯ ವರಾಂಡ ತುಂಬ ಕುಣಿಯುತ್ತಾರೆ, ಒಬ್ಬ ಹೆಡ್‌ಮೇಷ್ಟರೂ ಬೆತ್ತ ಹಿಡಿದು ಬರುವುದಿಲ್ಲ.

ಟೀ ಜಾಹೀರಾತುಗಳ ದಾರಿಯೇ ಬೇರೆ. ಒಬ್ಬ ಅಜ್ಜಿ ಜಗಲಿಯ ಮೇಲೆ ಕೂತಿರುತ್ತಾಳೆ. ಗಾಳಿಗೆ ಪುಟ್ಟ ಗಂಟೆ ಟಿಣ್ ಅನ್ನುತ್ತದೆ. ಮೊಮ್ಮಗಳಿಗೆ ಲೋಟ ಕೊಡುತ್ತಾಳೆ, ಇಬ್ಬರೂ ಕುಡಿಯುತ್ತಾರೆ, ಮುಗಿಯಿತು. ಹಾಲಿಲ್ಲ, ಸಕ್ಕರೆಯಿಲ್ಲ, ಬರೀ ಹಸಿರು ನೀರು. ನಮ್ಮ ಅಮ್ಮಿ ನೋಡಿ, "ಪಾಪ, ಇಬ್ಬರಿಗೂ ಹುಷಾರಿಲ್ವಾ?" ಎಂದು ಕೇಳಿದಳು. ನಾನು ಮಾತ್ರ ಅದನ್ನು ನೋಡಿದಾಗಲೆಲ್ಲ ಅಳುತ್ತೇನೆ, ಅದರಲ್ಲಿ ನಾಚಿಕೆಯೇನಿಲ್ಲ.

ಎಲ್ಲದರಲ್ಲೂ ಒಂದು ಸಂಗತಿ ತಪ್ಪುವುದಿಲ್ಲ. ಕುಡಿಯುವವರ ಗಂಟಲೊಳಗೇ ಮೈಕು ಇಟ್ಟ ಹಾಗೆ ಗಟ್ ಗಟ್ ಗಟ್ ಸದ್ದು, ಆಮೇಲೆ "ಪ್ಹಾ!" ಎಂಬ ಉಸಿರು. ಆಗಿನ ಆ ಮುಖ ನೋಡಿದರೆ ಈಗಷ್ಟೇ ನೀರು ಕುಡಿದವರಿಗೂ ಬಾಯಾರುತ್ತದೆ.

ನಮ್ಮ ಅಬ್ಬು ಗೋಲಿ ಸೋಡಾ ಮಾಡುವವರು. ಅಂಗಡಿಯ ಹಿಂದೆ ಅಜ್ಜನ ಕಾಲದ ಮೆಷಿನ್ ಇದೆ, ಕೈಯಲ್ಲಿ ತಿರುಗಿಸುವಂಥದ್ದು. ಬೆಳಗ್ಗೆ ನಾನು ಏಳುವುದೇ ಅದರ ಗಡಗಡ ಸದ್ದಿಗೆ. ಹೋದ ಸಲ ರಂಜಾನ್ ಶುರುವಾಗುವ ಮೊದಲು ಅಬ್ಬು ತೀರ್ಮಾನ ಹೇಳಿದರು: ಹಬ್ಬ ಕಳೆದ ಮೇಲೆ ಮೆಷಿನ್ ಗುಜರಿಗೆ, ಅಂಗಡಿಯಲ್ಲಿ ಇನ್ನು ಕಂಪನಿ ಬಾಟಲಿ ಮಾತ್ರ.

"ಗೋಲಿ ಸೋಡಾ ಈಗ ಯಾರಿಗ್ ಬೇಕು ಕಣಮ್ಮ?" ಅಂದರು. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಅಂಗಡಿಯ ಗಲ್ಲಾದ ಮುಂದೆ ಕೂತರೆ ಅಬ್ಬುವಿಗೆ ಮಗಳ ಹತ್ತಿರವೂ ಕನ್ನಡವೇ ಬರುವುದು.

ನಾನು ಒಪ್ಪಲಿಲ್ಲ. ಮೊಬೈಲ್ ತೆಗೆದು ನನ್ನ ಬ್ರಹ್ಮಾಸ್ತ್ರ ಬಿಟ್ಟೆ. ಅದೊಂದು ಜಪಾನಿ ಜಾಹೀರಾತು: ಹೊಳೆಯ ದಡದಲ್ಲಿ ಇಬ್ಬರು ಮಕ್ಕಳು, ಕೈಯಲ್ಲಿ ಸೋಡಾ, ಬಾಟಲಿಯ ಕತ್ತಿನಲ್ಲಿ ಗಾಜಿನ ಗೋಲಿ! ಹೆಬ್ಬೆರಳಿನಲ್ಲಿ ಒತ್ತಿದರೆ ಟಪ್. ಅಬ್ಬು ಮೊಬೈಲ್ ಕಿತ್ತುಕೊಂಡರು.

"ಇದು ನಮ್ ಬಾಟ್ಲಿ ಕಣೇ! ಜಪಾನ್‌ಗೆ ಎಂಗ್ ಓಯ್ತು?"

ಆ ದೇಶದಲ್ಲೂ ಗೋಲಿ ಸೋಡಾಕ್ಕೆ ಇಷ್ಟು ಬೆಲೆಯಿದೆ ನೋಡಿ ಎಂದು ಹೇಳುವುದಕ್ಕೆ ಬಾಯಿ ತೆರೆದೆ. ಯಾರು ಕೇಳಬೇಕು? ಬಾಟಲಿ ವಾಪಸ್ ಕೊಡದೆ ಹೋದವರನ್ನೆಲ್ಲ ನೆನೆಸಿಕೊಳ್ಳುವುದರಲ್ಲಿ ಅಬ್ಬುವಿನ ಮಧ್ಯಾಹ್ನ ಕಳೆಯಿತು. ಕೊನೆಗೆ ಕೆ.ಆರ್. ನಗರದ ಕಡೆಯ ಒಂದು ಮದುವೆಮನೆಯವರ ಮೇಲೆ ಅನುಮಾನ ನಿಂತಿತು.

ನಾನು ಬಿಡಲಿಲ್ಲ. ಜಪಾನಿನವರ ಹಾಗೆಯೇ ಒಂದು ಜಾಹೀರಾತು ಮಾಡಿ ವಾಟ್ಸಾಪಿನಲ್ಲಿ ಬಿಡುತ್ತೇನೆ, ಊರೆಲ್ಲ ಅಂಗಡಿ ಮುಂದೆ ಸಾಲು ನಿಲ್ಲಲಿ ಅಂದೆ. ನಟನೆಗೆ ಸಿಕ್ಕಿದವರು ಅಬ್ಬುವಿನ ಹಳೆಯ ಗೆಳೆಯ, ರಾವಂದೂರು ಕಡೆಯ ಗೌಡರು. ಹುಣಸೂರಿಗೆ ಯಾವ ಕೆಲಸಕ್ಕೆ ಬಂದರೂ ನಮ್ಮ ಅಂಗಡಿ ಬೆಂಚಿನ ಮೇಲೆ ಕೂತು ನಿಂಬೆ ಸೋಡಾ ಕುಡಿಯದೆ ಹೋಗುವವರಲ್ಲ. ಕ್ಯಾಮೆರಾ ಎದುರು ಅವರು ರೇಷನ್ ಕಾರ್ಡಿನ ಫೋಟೋಗೆ ನಿಂತ ಹಾಗೆ ನಿಂತರು. "ಪ್ಹಾ ಅನ್ನಿ ಮಾವ" ಅಂದರೆ ಡಾಕ್ಟರಿಗೆ ನಾಲಿಗೆ ತೋರಿಸಿದರು. ಬಾಟಲಿಯ ಮೇಲೆ ಬಾಟಲಿ ಖಾಲಿಯಾಗಿ, ಕೊನೆಗೆ ಬಂದದ್ದು ತೇಗು.

"ಬಾಯಾರ್ದೆ ಬಾಯಾರಿದಂಗೆ ಎಂಗವ್ವ ಮಾಡಾದು?" ಅಂದರು.

ಅದು ನಿಜ. ಹಾಗಾದರೆ ನಿಜವಾಗಿ ಬಾಯಾರಿದವರು ಯಾರು? ರಂಜಾನಿನ ಬಿಸಿಲಲ್ಲಿ ಇಡೀ ದಿನ ತೊಟ್ಟು ನೀರು ಮುಟ್ಟದೆ, ಸಂಜೆ ಅಜಾನ್ ಆದಾಗ ರೋಜಾ ಬಿಡುವ ಅಬ್ಬು! ಆ ಮೊದಲ ಗುಟುಕಿನ ಮುಖ ಯಾವ ಜಪಾನಿಗೂ ಬರಲಾರದು. ದಿನಕ್ಕೆ ಒಂದೇ ಸಲ ಸಿಗುವ ಶಾಟು, ಅಷ್ಟೇ ತೊಂದರೆ.

ತೊಂದರೆ ಅಷ್ಟೇ ಅಲ್ಲ ಅಂತ ಮೊದಲ ಸಂಜೆಯೇ ತಿಳಿಯಿತು. ಅಜಾನ್ ಕೂಗಿತು, ಅಬ್ಬು ಖರ್ಜೂರ ತಿಂದು ಗೋಲಿ ಒತ್ತಿದರು, ಮೊಬೈಲ್ ನನ್ನ ಮಡಿಲಲ್ಲಿ ಬಿದ್ದಿತ್ತು, ನನ್ನ ಬಾಯಲ್ಲೂ ಖರ್ಜೂರವಿತ್ತು. ನಿರ್ದೇಶಕಿಗೂ ರೋಜಾ ಇದೆಯೆಂಬುದು ನನಗೆ ಹೊಳೆದೇ ಇರಲಿಲ್ಲ. ಮರುದಿನ ಮೊಬೈಲ್ ಅಮ್ಮಿಯ ಕೈಗೆ ಕೊಟ್ಟೆ. ವೀಡಿಯೋದಲ್ಲಿ ಬಂದದ್ದು ಫ್ಯಾನು, ಮತ್ತು ಸಮೋಸಾ ಕಡಿಯುವ ಸದ್ದು. ಹೀಗೇ ವಾರ ಕಳೆಯಿತು.

ಅತ್ತ ಅಬ್ಬುವಿನ ಮುಖ ದಿನೇ ದಿನೇ ಇಳಿಯುತ್ತಿತ್ತು. ಬೆಂಚಿನ ಕಡೆ ಕಣ್ಣು ಮಾಡಿ, "ನೋಡಮ್ಮ, ಗೌಡ್ರೂ ಸೋಡಾ ಬುಟ್ಬುಟ್ರು. ಬತ್ತಾರೆ, ಕೂತ್ಕತಾರೆ, ಓಯ್ತಾರೆ. ಒಂದ್ ದಿನಾನೂ ಕೇಳ್ನಿಲ್ಲ" ಎಂದು ಪಿಸುಗುಟ್ಟಿದರು. ಊರಿಗೆ ಮೊದಲ ಸಲ ಕಂಪನಿ ಬಾಟಲಿ ಬಂದಾಗಲೂ ಅವರು ಇಷ್ಟು ಕುಗ್ಗಿರಲಿಲ್ಲ. ನನಗೆ ಗೌಡರ ಮೇಲೆ ಕೆಟ್ಟ ಸಿಟ್ಟು ಬಂತು.

ಆದರೂ ರೋಜಾ ಇಲ್ಲದ ಕೈ ಅಂತ ಅಲ್ಲಿದ್ದದ್ದು ಅವರದ್ದೊಂದೇ. ಕೇಳಿದೆ. "ಅದ್ಕೇನು, ಕೊಡವ್ವ" ಅಂದರು. ಆ ಸಂಜೆ ಊರಿಗೆ ಹೋಗದೆ ಉಳಿದು, ಮೊಸರಿನ ಕುಡಿಕೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಮೊಬೈಲ್ ಹಿಡಿದು ಅಬ್ಬುವಿನ ಎದುರು ಕೂತರು. ಅಜಾನ್ ಆಯಿತು. ಟಪ್. ಗಟ್ ಗಟ್ ಗಟ್. ನಾನು ನೆಮ್ಮದಿಯಾಗಿ ಸಮೋಸಾ ತಿಂದೆ.

"ಬಂತಾ ಮಾವ?"

"ಬೋ ಚೆಂದಾಗ್ ಬಂತು ಕಣವ್ವ. ಆದ್ರೆ ನಿಮ್ಮಪ್ಪ ಕಾಣ್ನಿಲ್ಲ, ಉದ್ದಕ್ಕೂ ನಾನೇ ಕಾಣ್ತಿದ್ದೆ."

ಸೆಲ್ಫಿ ಕ್ಯಾಮೆರಾ ಒತ್ತಿಬಿಟ್ಟಿದ್ದರು! ಆ ಸೂಟಿನ ಗಂಡಸು ಯಾಕೆ ಕಿರುಚಿದನೆಂದು ನನಗೆ ಒಂದು ಕ್ಷಣ ಅರ್ಥವಾದ ಹಾಗಾಯಿತು. ಹಲ್ಲು ಕಚ್ಚಿಕೊಂಡು ವೀಡಿಯೋ ಹಾಕಿದೆ.

ಪರದೆಯ ತುಂಬ ಗೌಡರ ಮುಖ. ಕಣ್ಣು ಎದುರಿಗಿದ್ದ ಅಬ್ಬುವಿನ ಮೇಲೆ. ಗೋಲಿ ಟಪ್ ಅಂದಾಗ ಹುಬ್ಬು ಮೇಲೆ ಹೋಯಿತು. ಅಬ್ಬುವಿನ ಒಂದೊಂದು ಗುಟುಕಿಗೂ ಇವರ ಗಂಟಲಿನ ಗಂಟು ಏರಿ ಇಳಿಯಿತು. ತುಟಿ ಸವರಿಕೊಂಡರು. ಅಬ್ಬು ಬಾಟಲಿ ಕೆಳಗಿಟ್ಟ ಸದ್ದಾದಾಗ, ಒಂದು ಹನಿಯೂ ಕುಡಿಯದ ಗೌಡರು ಕಣ್ಣು ಮುಚ್ಚಿ ಅಂದರು: "ಪ್ಹಾ!"

ನಾನು ನೋಡಿದ ಯಾವ ಜಪಾನಿಯೂ ಹಾಗೆ ಅಂದಿರಲಿಲ್ಲ.

"ಇಷ್ಟು ಬಾಯಾರಿಕೆ ಎಲ್ಲಿತ್ತು ಮಾವ?" ಅಂದೆ.

ಗೌಡರು ಟವೆಲಿನಲ್ಲಿ ಮುಖ ಒರೆಸಿಕೊಂಡರು. "ಬೆಳಗ್ಗೆ ಬಸ್ ಇಳ್ದಾಗಿಂದ ಏನೂ ಕುಡ್ದಿಲ್ಲ ಕಣವ್ವ. ಈ ತಿಂಗ್ಳಲ್ಲಿ ಸಾಬ್ರ ಮುಂದೆ ಕುಂತ್ಕಂಡು ಎಂಗ್ ಕುಡೀಲಿ? ಇವ್ರ ಹಬ್ಬ ಆಗ್ಲಿ ಅಂತ ಕಾಯ್ತಿದ್ದೆ."

ಅಬ್ಬು ಮೊಬೈಲಿನ ಕಡೆ ಬಗ್ಗಿದರು. ಇನ್ನೊಮ್ಮೆ ಹಾಕು ಅಂದರು. ಮತ್ತೊಮ್ಮೆ ಹಾಕು ಅಂದರು. ಆಮೇಲೆ ಎದ್ದು ನಿಂಬೆ ಸೋಡಾ ತಂದು, ತಾವೇ ಗೋಲಿ ಒತ್ತಿ ಗೌಡರ ಕೈಗಿಟ್ಟರು. ನಾನು ಮೊಬೈಲ್ ಎತ್ತಿದೆ.

"ಅದ್ನ ಕೆಳಗಿಡಮ್ಮ" ಅಂದರು ಅಬ್ಬು. "ಕುಡೀಲಿ ಬುಡು."

ಹಬ್ಬ ಕಳೆದ ಮೇಲೆ ಗುಜರಿಯವನು ತಕ್ಕಡಿ ಹಿಡಿದು ಬಂದ. ಅಬ್ಬು ಅವನನ್ನು ಗೌಡರ ಪಕ್ಕದಲ್ಲಿ ಬೆಂಚಿನ ಮೇಲೆ ಕೂರಿಸಿ, ಒಂದು ಸೋಡಾ ಕುಡಿಸಿ, ಖಾಲಿ ತಕ್ಕಡಿಯೊಂದಿಗೇ ಕಳಿಸಿದರು. ಬಾಟಲಿಯನ್ನು ಮಾತ್ರ ಮರೆಯದೆ ವಾಪಸ್ ಇಸ್ಕೊಂಡರು.