ಬೆಡಗು ಬಲ್ಲ ಮಹಾಲಿಂಗಪ್ಪ

ಯಾವ ಮನೆತನ ಯಾವ ಬೆಡಗಿನದು, ಅಂದರೆ ಯಾವ ಗೋತ್ರದ್ದು, ಎಂಬುದು ಹಾನಗಲ್ಲಿನ ಮಹಾಲಿಂಗಪ್ಪನವರಿಗೆ ಬಾಯಿಪಾಠ. ಒಂದೇ ಬೆಡಗಿನವರೆಂದರೆ ಅಣ್ಣ-ತಂಗಿ ಇದ್ದಂತೆ, ಅವರೊಳಗೆ ಲಗ್ನ ಕೂಡದು. ಈಗ ಎಷ್ಟೋ ಮನೆಗಳಿಗೆ ತಮ್ಮ ಬೆಡಗೇ ಮರೆತಿದೆ. ಹೀಗಾಗಿ ನಲವತ್ತು ವರ್ಷದಿಂದ ಹಿರೇಕೆರೂರು, ಶಿಗ್ಗಾಂವಿ ಕಡೆಯವರೂ ಇವರ ಕಟ್ಟೆ ಹತ್ತಿ, ಕೇಳಿಯೇ ಕನ್ಯೆ ನೋಡಲು ಹೋಗುತ್ತಿದ್ದರು.

ಸವಣೂರಿನ ಸುಜಾತಾಳಿಗೆ ಈ ಕೆಲಸ ಕಲಿಸಿದವರೂ ಇವರೇ. ಆಕೆ ವಧು-ವರ ಕೇಂದ್ರ ತೆರೆದಳು, ಬೆಳೆದಳು, ನಾಲ್ಕೂ ತಾಲೂಕಿನ ಮನೆತನಗಳ ಮಾಹಿತಿಯನ್ನು ಒಂದೇ ಕಡೆ ಇಡಿಸಿದಳು. ಅದು ಇರುವುದು ಎಲ್ಲೋ ದೂರದ ಕಂಪ್ಯೂಟರಿನಲ್ಲಿ, ಕ್ಲೌಡ್ ಅನ್ನುತ್ತಾರಂತೆ. ಕಂಪ್ಯೂಟರ್ ರಿಪೇರಿಯ ಇರ್ಫಾನ ಬಂದು ಮಹಾಲಿಂಗಪ್ಪನವರ ಕಂಪ್ಯೂಟರನ್ನೂ ಅದಕ್ಕೆ ಜೋಡಿಸಿದ. ಪಾಸ್‌ವರ್ಡ್ ಹಾಕಿದರೂ ಅದು ಒಳಗೆ ಬಿಡಲೊಲ್ಲದು. ಯಾವ ಇಂಟರ್ನೆಟ್ ವಿಳಾಸದಿಂದ ಬಂದವರನ್ನು ಬಿಡಬೇಕೆಂಬ ಪಟ್ಟಿಯೇ ಬೇರೆ ಇದೆಯಂತೆ. ಕರೆಂಟು ಹೋಗಿ ಬಂದಾಗೊಮ್ಮೆ ಇವರ ವಿಳಾಸ ಬದಲಾಗುತ್ತದಂತೆ. ಆ ಪಟ್ಟಿ ಸುಜಾತಾಳ ಕೈಯಲ್ಲಿ.

ಕರೆಂಟು ಹೋಗದ ದಿನ ಯಾವುದು? ದಿನಾ ಬೆಳಿಗ್ಗೆ ಫೋನು ಹಚ್ಚಿ ಹೊಸ ವಿಳಾಸ ಓದಿ ಹೇಳಬೇಕು, ಆಕೆ ಅದನ್ನು ಸೇರಿಸಿ, "ಅಣ್ಣಾರ, ತಗದೇನಿ, ಒಳಗ ಬರ್ರಿ" ಅನ್ನಬೇಕು. ಗುರುವಿಗೇ ತಿರುಮಂತ್ರ! ಕಟ್ಟೆಗೆ ಬರುವವರೂ ಕಡಿಮೆಯಾದರು. ಸವಣೂರಿನ ಬಸ್ಸಿಗೆ ಕಾಯುವವರನ್ನು ಕಂಡರೂ ಮಹಾಲಿಂಗಪ್ಪನವರು ಸುಜಾತಾಳ ಗಿರಾಕಿಗಳೇ ಎಂದು ಎಣಿಸುತ್ತಿದ್ದರು.

ಇಷ್ಟಾದರೂ ತಮ್ಮ ಹಳೇ ನೋಟ್‌ಬುಕ್ಕಿನ ಮನೆತನಗಳನ್ನು ಸುಜಾತಾಳ ಮಾಹಿತಿಯೊಳಗೆ ತುಂಬಲು ಒಪ್ಪಿದ್ದರು. ಬೆಡಗಿನ ಜಾಗಕ್ಕೆ ಬಂದಾಗ ಕೈ ನಿಂತಿತು. ಇದನ್ನೂ ಕೊಟ್ಟರೆ ತನ್ನನ್ನು ಮೂಸುವವರು ಯಾರು? ಖಾಲಿ ಬಿಟ್ಟರೆ ಕಂಪ್ಯೂಟರು ಮುಂದೆ ಹೋಗದು. ತೋಚಿದ ಬೆಡಗೊಂದನ್ನು ಒತ್ತುತ್ತ ಹೋದರು. ಸರಿಯಾದದ್ದು ತಲೆಯಲ್ಲಿತ್ತಲ್ಲ.

ಮೂರು ತಿಂಗಳಲ್ಲಿ ಹತ್ತಿಮತ್ತೂರಿನ ದ್ಯಾಮಪ್ಪನ ಮಗಳು ನೇತ್ರಾಳಿಗೂ ಹಿರೇಕೆರೂರಿನ ಚನ್ನೇಶನಿಗೂ ಸುಜಾತಾ ಸಂಬಂಧ ಕೂಡಿಸಿದಳು. ಕೇಂದ್ರದ ಮಾಹಿತಿಯಲ್ಲಿ ಬೆಡಗು ಬೇರೆ ಬೇರೆ ಇದ್ದವು. ನಿಜಕ್ಕೂ ಎರಡೂ ಒಂದೇ ಎಂದು ಬಲ್ಲವರು ಮಹಾಲಿಂಗಪ್ಪನವರೊಬ್ಬರೇ. ಒಂದು ಫೋನಿನಲ್ಲಿ ಮುಗಿಯುವ ಮಾತು. ಎಲ್ಲರ ಮುಂದೆಯೇ ಹೇಳಬೇಕೆಂದು ಎಂಟು ದಿನ ಬಾಯಿ ಬಿಗಿಹಿಡಿದು, ಇಸ್ತ್ರಿ ಮಾಡಿದ ಧೋತರ ಉಟ್ಟು ನಿಶ್ಚಯಕ್ಕೇ ಹೋದರು.

ಎಲಿ-ಅಡಿಕೆಯ ತಾಟು ಬಂದಾಗ ಎದ್ದು ನಿಂತರು. "ತಡೀರಿ. ಎರಡೂ ಮನಿ ಒಂದ ಬೆಡಗು."

ತಾಟು ತಂದವರು ಅದನ್ನು ಅಲ್ಲೇ ಕೆಳಗಿಟ್ಟರು. ಹೊಸ ಸೀರೆಯ ನೇತ್ರಾ ತಲೆ ತಗ್ಗಿಸಿ ಒಳಗೆ ಹೋದಳು. ಆ ಹುಡುಗಿಯ ವಿಚಾರ ಎಂಟು ದಿನದಲ್ಲಿ ಒಮ್ಮೆಯೂ ಮಹಾಲಿಂಗಪ್ಪನವರ ತಲೆಗೆ ಬಂದಿರಲಿಲ್ಲ.

ದ್ಯಾಮಪ್ಪ ಸುಜಾತಾಳ ಕಡೆ ತಿರುಗಿದ. ಆಕೆ ಫೋನು ತೆಗೆದು ದ್ಯಾಮಪ್ಪನ ಮನೆತನದ ಪುಟ ತೆರೆದಳು. ಪಕ್ಕದಲ್ಲೇ ಇದ್ದ ಮಹಾಲಿಂಗಪ್ಪನವರಿಗೂ ಕಂಡಿತು: ಕೆಳಗೆ, ತುಂಬಿದವರ ಹೆಸರಿನ ಮುಂದೆ, ಮಹಾಲಿಂಗಪ್ಪ, ಹಾನಗಲ್. ಅದು ಹೆಸರು ಬರೆದಿಡುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ. ಸುಜಾತಾ ಆ ಸಾಲನ್ನು ನೋಡಿದಳು, ಅವರ ಮುಖ ನೋಡಿದಳು, ಫೋನನ್ನು ತೊಡೆಯ ಮೇಲೆ ಬೋರಲು ಇಟ್ಟಳು.

"ತಪ್ಪು ನಂದರಿ," ಅಂದಳು. "ನಾ ಇನ್ನೊಮ್ಮೆ ಕೇಳಬೇಕಾಗಿತ್ತು."

ಇನ್ನು ನಮ್ಮ ಹೊಸ್ತಿಲು ತುಳಿಯಬೇಡ ಎಂದು ದ್ಯಾಮಪ್ಪ ಆಕೆಗೆ ಹೇಳಿದ. ಮಹಾಲಿಂಗಪ್ಪನವರನ್ನು ಕೈಹಿಡಿದು ಮೇಲಿನ ಗಾದಿಗೆ ಕೂರಿಸಿದರು, ಹಿರಿಯರಿದ್ದದ್ದಕ್ಕೆ ಮಾನ ಉಳಿಯಿತೆಂದರು. ವರ್ಷದಿಂದ ಬೇಕೆಂದದ್ದು ಸಿಕ್ಕಿತ್ತು. ಕೊಟ್ಟ ನೀರನ್ನು ಕುಡಿಯದೆ ಪಕ್ಕಕ್ಕಿಟ್ಟರು.

ಮರುದಿನವೂ ಕರೆಂಟು ಹೋಗಿ ಬಂತು. ಅವರು ಬಹಳ ಹೊತ್ತು ಫೋನು ಹಿಡಿದು ಕೂತು, ಕಡೆಗೆ ಹಚ್ಚಿ, ವಿಳಾಸ ಓದಿದರು. ಬೈಗುಳಕ್ಕೆ ಕಾದರು.

"ತಗದೇನಿ ಅಣ್ಣಾರ, ಒಳಗ ಬರ್ರಿ," ಅಂದಳು ಸುಜಾತಾ. ಹಿಂದೆಯೇ, "ಎಲ್ಲಾ ತಿದ್ದೂತನಕ ಕುಂದ್ರರಿ. ಕರೆಂಟ್ ಹೋದ್ರ ಮತ್ತ ಫೋನ್ ಹಚ್ಚರಿ, ನಾ ಇಲ್ಲೇ ಇರ್ತೇನಿ," ಅಂದಳು.

ಮಹಾಲಿಂಗಪ್ಪನವರು ಕನ್ನಡಕ ಒರೆಸಿಕೊಂಡು ಮೊದಲಿಗೆ ದ್ಯಾಮಪ್ಪನ ಮನೆತನ ತೆರೆದರು.