ಹೊಸ ವಿಂಡೋಸ್, ಗುಡುಗು ಮತ್ತು ನಮ್ಮತ್ತೆ

"ಈ ಪಿಸಿ ಹೊಸ ವಿಂಡೋಸ್‌ಗೆ ಅರ್ಹವಲ್ಲ" ಎಂದು ನನ್ನ ಕಂಪ್ಯೂಟರ್ ಹೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಭಯ.

ನಾನು ಮನೆಯಿಂದಲೇ ಒಂದು ಆಸ್ಪತ್ರೆಗೆ ಡಾಕ್ಟರುಗಳ ರಿಪೋರ್ಟ್ ಟೈಪ್ ಮಾಡಿಕೊಡುತ್ತೇನೆ. ಕುಶಾಲನಗರದ ಪಕ್ಕದ ನಮ್ಮ ಹಳ್ಳಿಯಲ್ಲಿ ಕೂತು ಮಾಡಬಹುದಾದ, ನನಗೆ ನಿಜವಾಗಿ ಇಷ್ಟವಾದ ಕೆಲಸ ಇದೊಂದೇ. ಶುಕ್ರವಾರದೊಳಗೆ ಎಲ್ಲರ ಕಂಪ್ಯೂಟರ್ ಚೆಕ್ ಮಾಡುತ್ತೇವೆ, ಹೊಸ ವಿಂಡೋಸ್ ಹಾಕಲು ಆಗದವರ ಲಾಗಿನ್ ಮುಚ್ಚುತ್ತೇವೆ ಎಂದು ಆಫೀಸಿನಿಂದ ಮೇಲ್ ಬಂದಿತ್ತು.

ಚೆಕ್ ಮಾಡುವ ಆ್ಯಪ್ ಹಾಕಿದೆ. ಪ್ರೊಸೆಸರ್ ಸರಿ, ರ‍್ಯಾಮ್ ಸರಿ, ಡಿಸ್ಕ್ ಸರಿ... ಟಿಪಿಎಂ ಎನ್ನುವ ಒಂದು ಸೆಕ್ಯೂರಿಟಿ ಚಿಪ್ ಮಾತ್ರ ಇಲ್ಲವಂತೆ. ಅದರ ಮುಂದೊಂದು ಕೆಂಪು ಗುರುತು.

ನೆಲ್ಯಹುದಿಕೇರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಶ್ರಫ್‌ಗೆ ಫೋನ್ ಮಾಡಿದೆ. ಈ ಕಂಪ್ಯೂಟರನ್ನು ಜೋಡಿಸಿಕೊಟ್ಟವನೂ ಅವನೇ.

"ಅಕ್ಕ, ಅದು ಬೋರ್ಡಲ್ಲೇ ಉಂಟು. ಆಫ್ ಆಗಿದೆ ಅಷ್ಟೆ. ಹೆದರ್ಬೇಡಿ" ಎಂದ. ಆನ್ ಮಾಡುವಾಗ ಯಾವ ಕೀ ಒತ್ತಬೇಕು, ಒಳಗಿನ ಸೆಟ್ಟಿಂಗಿನಲ್ಲಿ ಎಲ್ಲಿ ಹೋಗಬೇಕು ಎಂದೆಲ್ಲ ಫೋನಿನಲ್ಲೇ ಹೇಳಿಕೊಟ್ಟ. ಮತ್ತೆ ಚೆಕ್ ಮಾಡಿದರೆ ಎಲ್ಲ ಹಸಿರು!

ಕುಣಿಯುವುದೊಂದು ಬಾಕಿ. ಆಫೀಸಿಗೆ "ಓಕೆ" ಎಂದು ಮೆಸೇಜ್ ಹಾಕಿ, ಕಂಪ್ಯೂಟರ್ ಆಫ್ ಮಾಡಿ, ಊಟ ಮುಗಿಸಿ ಶುಂಠಿ ಹೊಲದ ಕಡೆ ಹೋದೆ.

ಮರುದಿನ ಬೆಳಿಗ್ಗೆ ಆಫೀಸಿನ ಹುಡುಗಿ ಆನ್‌ಲೈನ್‌ನಲ್ಲೇ ನನ್ನ ಸ್ಕ್ರೀನ್ ನೋಡಿ ಚೆಕ್ ಮಾಡಿದಳು. ಮತ್ತೆ ಕೆಂಪು. "ಗ್ರೀನ್ ಇದೆ ಅಂದ್ರಲ್ಲ ಮೇಡಂ?" ಎಂದಳು. ಸುಳ್ಳುಗಾತಿಯ ಹಾಗೆ ಕೂತಿದ್ದೆ.

ಅಶ್ರಫ್‌ಗೆ ಪುನಃ ಫೋನ್, ಪುನಃ ಸೆಟ್ಟಿಂಗ್, ಪುನಃ ಹಸಿರು. ಅದರ ಮರುದಿನ ಬೆಳಿಗ್ಗೆ ಪುನಃ ಕೆಂಪು...

ನಿನ್ನೆಯಿಂದ ಏನಾದರೂ ಬದಲಾಯಿತಾ ಎಂದು ಅವನು ಎರಡು ಸಲ ಕೇಳಿದ್ದ. ಏನೂ ಇಲ್ಲ ಎಂದು ನಾನು ಎರಡು ಸಲವೂ ಆಣೆ ಹಾಕುವಷ್ಟು ಗಟ್ಟಿಯಾಗಿ ಹೇಳಿದ್ದೆ.

ಮೂರನೇ ದಿನ ಅವನಿಗೇ ಏನೋ ಹೊಳೆಯಿತು. "ಅಕ್ಕ, ಗುಡುಗುವಾಗ ಪ್ಲಗ್ ಕೀಳ್ತೀರಾ?"

"ಯಾರ್ ಕೀಳಲ್ಲ?" ಎಂದೆ ನಾನು.

ಯುಗಾದಿ ಕಳೆದ ಮೇಲೆ ನಮ್ಮಲ್ಲಿ ಸಂಜೆಯಾದರೆ ಗುಡುಗು. ಮೊದಲ ಸದ್ದಿಗೇ ಪ್ರತಿ ಮನೆಯಲ್ಲೂ ಯಾರಾದರೂ ಎದ್ದು ಟಿವಿ, ಫ್ರಿಜ್ಜು, ಮೋಟರು ಅಂತ ಎಲ್ಲದರ ಪ್ಲಗ್ ಕೀಳುತ್ತಾರೆ. ಬೆಳಿಗ್ಗೆ ಎದ್ದು ಸಿಕ್ಕಿಸುತ್ತೇವೆ. ಕಿಟಕಿ ತೆಗೆದ ಹಾಗೆ ಅದೂ ಒಂದು. ಅದನ್ನು ಯಾರಾದರೂ "ಬದಲಾವಣೆ" ಎಂದು ಹೇಳುತ್ತಾರಾ?

ನಮ್ಮ ಮನೆಯಲ್ಲಿ ಅದು ಅತ್ತೆಯ ಕೆಲಸ. ಹಿಂದೊಮ್ಮೆ ಸಿಡಿಲು ಫೋನಿನ ವೈರಿನಲ್ಲೇ ಬಂದು ನಮ್ಮ ಮಾವನ ಒಂದು ಕಿವಿ ಹೋಗಿತ್ತು. ಮಾವ ತೀರಿಕೊಂಡು ವರ್ಷಗಳಾದವು, ಅತ್ತೆಯ ಆ ಹೆದರಿಕೆ ಮಾತ್ರ ಹೋಗಲಿಲ್ಲ.

ಅಡುಗೆಮನೆ ನನ್ನ ಕೈಗೆ ಬಂತು, ಕೊಟ್ಟಿಗೆ ಖಾಲಿಯಾಯಿತು. ಈ ವಯಸ್ಸಿನಲ್ಲಿ ಅವರಿಗೆ ಅಂತ ಉಳಿದದ್ದು ಇದೊಂದೇ ಕೆಲಸ. ಪ್ಲಗ್ ಕಿತ್ತಾಗ ಕಂಪ್ಯೂಟರಿನ ಯುಪಿಎಸ್ ಕುಯ್ಯೋ ಎಂದರೆ ಅದರ ಬಟನ್ನೂ ಒತ್ತಿ ಬಾಯಿ ಮುಚ್ಚಿಸುವುದನ್ನು ಅವರೇ ಕಂಡುಕೊಂಡಿದ್ದರು.

ಇದೆಲ್ಲ ಈಗ ಬರೆಯುವಾಗ ಹೊಳೆಯುತ್ತಿದೆ. ಆವತ್ತು, ಪ್ಲಗ್ ಕಿತ್ತಾಗಲೇ ಸೆಟ್ಟಿಂಗ್ ಅಳಿಸಿಹೋಗುತ್ತಿರಬೇಕು ಎಂದು ಅಶ್ರಫ್ ಹೇಳಿದ ಕೂಡಲೇ ಫೋನ್ ಇಟ್ಟು ನೇರ ಹೋಗಿ ಅತ್ತೆಯ ಮೇಲೆ ಕೂಗಾಡಿದೆ. ನಿಮ್ಮಿಂದಲೇ ನನ್ನ ಕೆಲಸ ಹೋಗುವುದರಲ್ಲಿದೆ ಎಂದೆ.

"ಸಿಡ್ಲು ಬಡುದ್ರೆ ಅಂತ ಕಿತ್ತೆ ಕಣವ್ವ... ನಿನ್ ಸಾಮಾನು ಉಳೀಲಿ ಅಂತ್ಲೇ" ಎಂದರು.

"ಇನ್ ಮುಟ್ಟಬೇಡಿ ಅದನ್ನ" ಎಂದೆ. ಸಾಲದು ಎಂದು ಪ್ಲಗ್ ಮೇಲೆ ಟೇಪ್ ಸುತ್ತಿದೆ. ಸೆಟ್ಟಿಂಗನ್ನು ಪುನಃ ಸರಿ ಮಾಡಿಟ್ಟೆ.

ಗುರುವಾರ ಸಂಜೆ ಗುಡುಗು ಜೋರಾಗಿತ್ತು. ಅತ್ತೆ ಏಳಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಪ್ರತಿ ಮಿಂಚಿಗೂ ಬೆಚ್ಚುತ್ತಾ ಬೆಂಚಿನ ಮೇಲೆ ಕೂತೇ ಇದ್ದರು. ಟಿವಿ, ಫ್ರಿಜ್ಜಿನ ಪ್ಲಗ್ಗನ್ನೂ ಕೀಳಲಿಲ್ಲ, ಅವನ್ನು ನಾನೇ ಹೋಗಿ ಕಿತ್ತೆ.

ಶುಕ್ರವಾರ ಆಫೀಸಿನವರು ನೋಡಿದರು. ಎಲ್ಲ ಹಸಿರು. ಕೆಲಸ ಉಳಿಯಿತು.

ಶನಿವಾರ ಅಶ್ರಫ್ ಮನೆಗೇ ಬಂದು ಕಂಪ್ಯೂಟರ್ ಬಿಚ್ಚಿದ. ಒಳಗಿನಿಂದ ಒಂದು ಬಟನ್ ಸೆಲ್ ತೆಗೆದು ತೋರಿಸಿದ. ಕರೆಂಟ್ ಇಲ್ಲದಾಗ ಸೆಟ್ಟಿಂಗ್ ಮರೆಯದ ಹಾಗೆ ನೋಡಿಕೊಳ್ಳುವುದು ಅದೇ ಅಂತೆ. ಅದು ಯಾವಾಗಲೋ ಸತ್ತಿತ್ತು. ಹೊಸದು ಹಾಕಿದ.

"ಅಮ್ಮಂದು ಎಂತ ತಪ್ಪಿಲ್ಲ ಅಕ್ಕ. ಸೆಲ್ ಸರಿ ಇದ್ರೆ ದಿನಾ ಪ್ಲಗ್ ಕಿತ್ರೂ ಏನಾಗಲ್ಲ. ಕೀಳೋದೇ ಒಳ್ಳೇದು" ಎಂದ. ಅತ್ತೆ ಅಲ್ಲೇ ಇದ್ದರು. ಅವನಿಗೆ ಕಾಫಿ ತರಲು ಎದ್ದು ಒಳಗೆ ಹೋದರು.

ಬೆಳಿಗ್ಗೆ ಕಂಪ್ಯೂಟರಿನ ಗಡಿಯಾರ ಯಾವುದೋ ಹಳೇ ವರ್ಷ ತೋರಿಸಿ, ನೆಟ್ ಬಂದ ಮೇಲೆ ಸರಿಯಾಗುತ್ತಿದ್ದದ್ದನ್ನು ನಾನು ವಾರಗಟ್ಟಲೆ ನೋಡಿದ್ದೆ. ಅದೂ ಸೆಲ್ ಸತ್ತದ್ದರ ಗುರುತೇ. ಏಕೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅತ್ತೆಯನ್ನು ಬೈಯಲು ಮಾತ್ರ ಒಂದು ನಿಮಿಷವೂ ಬೇಕಾಗಲಿಲ್ಲ ನೋಡಿ.

ಟೇಪ್ ಬಿಚ್ಚಿದೆ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿದೆ. "ಅಯ್ಯೋ ಬಿಡವ್ವ, ಅದ್ಕೇನಂತೆ" ಎಂದರು. ಮನಸ್ಸು ಸ್ವಲ್ಪ ಹಗುರವಾಯಿತು.

ಇವತ್ತು ಸಂಜೆ ಮತ್ತೆ ಗುಡುಗಿತು. ಅತ್ತೆ ಎದ್ದರು. ಟಿವಿ ಕಿತ್ತರು, ಫ್ರಿಜ್ ಕಿತ್ತರು, ಮೋಟರ್ ಸ್ವಿಚ್ ತೆಗೆದರು... ನನ್ನ ಕೋಣೆಯ ಬಾಗಿಲವರೆಗೆ ಬಂದು, ಒಂದು ಗಳಿಗೆ ನಿಂತು, "ಗುಡುಗ್ತಾ ಐತೆ, ನೋಡ್ಕೋ" ಎಂದು ಹೇಳಿ ಹಿಂದೆ ಹೋದರು.

ಮುಟ್ಟಬೇಡಿ ಎಂದು ಹೇಳಲು ನನಗೆ ಒಂದೇ ಮಾತು ಸಾಕಾಯಿತು, ‘ಇನ್ನು ಮುಟ್ಟಿ’ ಎನ್ನುವುದನ್ನು ಅವರು ನಂಬುವ ಹಾಗೆ ಹೇಗೆ ಹೇಳಲಿ?