ಎದುರುಮನೆಯಲ್ಲಿದ್ದ ಸಮುದ್ರ

ಮೊನ್ನೆ ಶ್ರೀರಂಗಪಟ್ಟಣಕ್ಕೆ ಹಲ್ಲು ತೋರಿಸಲು ಹೋಗಿದ್ದೆ. ಕಾಯುವ ಕೋಣೆಯ ಮೂಲೆಯಲ್ಲೊಂದು ಮೀನಿನ ತೊಟ್ಟಿ. ಅಲ್ಲಿ ಕೆಲಸ ಮಾಡುವಾಕೆ ಅದನ್ನು ತೊಳೆಯಲೆಂದು ತಳದ ಕಲ್ಲುಗಳನ್ನು ಕದಡಿದಳು. ಕೊಳೆತ ಮೊಟ್ಟೆಯಂಥ ವಾಸನೆ ಎದ್ದಿತು. ಕೂತಿದ್ದವರೆಲ್ಲ ಮೂಗು ಮುಚ್ಚಿಕೊಂಡು ಆಚೆ ಹೋದರು. ನಾನು ಮಾತ್ರ ಅಲ್ಲೇ ಕೂತಿದ್ದೆ. ಆ ವಾಸನೆ ನನಗೆ ಹಳೆಯದು... ಪಾಂಡವಪುರದಲ್ಲಿ ನಮ್ಮ ಎದುರುಮನೆಯ ನಡುಮನೆಯಲ್ಲಿ ಒಂದು ಬೇಸಿಗೆಯಿಡೀ ಅದೇ ವಾಸನೆ ಇತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಮದುವೆಯಾಗಿ ಆ ಬೀದಿಗೆ ಬಂದು ಹೆಚ್ಚು ಕಾಲ ಆಗಿರಲಿಲ್ಲ. ಎದುರುಮನೆಯಲ್ಲಿ ತಾಯಿ, ಮಗ ಇಬ್ಬರೇ. ಮಗನನ್ನು ನಾನು ಅಣ್ಣ ಎನ್ನುತ್ತಿದ್ದೆ. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ, ನಲವತ್ತರ ಹತ್ತಿರದ ವಯಸ್ಸು, ಮದುವೆ ಬೇಡವೆಂದು ಕೂತವರು. ತಾಯಿಯನ್ನು ಬೀದಿಯವರೆಲ್ಲ ಅವ್ವ ಎಂದೇ ಕರೆಯುತ್ತಿದ್ದರು.

ಅಣ್ಣನಿಗೆ ಒಂದೇ ಹುಚ್ಚು. ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇಡಬೇಕು, ಅದರಲ್ಲಿ ಸಮುದ್ರದ ಮೀನು, ಜೀವಂತ ಹವಳ ಸಾಕಬೇಕು. ಗಾಜಿನ ತೊಟ್ಟಿ ಮಾಡಿಸಿದರು. ಮಂಗಳೂರಿನ ಕಡೆ ಲಾರಿ ಓಡಿಸುತ್ತಿದ್ದ ಸೋದರಮಾವನ ಮಗ ಕ್ಯಾನುಗಳಲ್ಲಿ ಸಮುದ್ರದ ನೀರು ತಂದುಕೊಡುತ್ತಿದ್ದ. ಹಾಗಾಗಿ ನೀರಿನ ಚಿಂತೆ ಇರಲಿಲ್ಲ. ಚಿಂತೆಯೆಲ್ಲ ತಳದ್ದು. ತೊಟ್ಟಿಯ ತಳಕ್ಕೆ ಏನು ಹಾಸಬೇಕು? ಈ ಪ್ರಶ್ನೆ ಆ ಮನೆಯನ್ನು ವರ್ಷಗಟ್ಟಲೆ ತಿಂದಿತು. ನಮ್ಮ ಮನೆಯನ್ನೂ ತಿಂದಿತು, ಏಕೆಂದರೆ ಕೇಳಲು ಅವರು ಮೊದಲು ಬರುತ್ತಿದ್ದುದು ನಮ್ಮಲ್ಲಿಗೇ. ನಾನು ಅಕ್ಕಿ ಆರಿಸುತ್ತಿದ್ದರೆ ಎದುರಿಗೆ ಕೂತು ಮರಳಿನ ಮಾತು ತೆಗೆಯುತ್ತಿದ್ದರು.

ಮೊದಲು ಹೊಳೆಯ ಮರಳು ಹಾಕಿದರು. ಕಾವೇರಿ ಹತ್ತಿರವೇ ಇರುವಾಗ ಇನ್ನೇನು ಎಂದು ಎಲ್ಲರೂ ಹೇಳಿದ್ದರು. ಸ್ವಲ್ಪ ದಿನಕ್ಕೇ ಮರಳು, ಗಾಜು, ಕಲ್ಲು ಎಲ್ಲದರ ಮೇಲೂ ಕಂದು ಲೋಳೆ ಕಟ್ಟಿತು. ಆಮೇಲೆ ಚಿಪ್ಪಿನ ಚೂರು. ಮೀನು ತಿನ್ನದೆ ಬಿಟ್ಟದ್ದೆಲ್ಲ ಚೂರುಗಳ ಸಂದಿಗಿಳಿದು ಕೊಳೆಯಿತು. ಆಮೇಲೆ ಸಮುದ್ರದ್ದೇ ಮರಳು, ಮಂಗಳೂರಿನಿಂದ ಗೋಣಿಚೀಲದಲ್ಲಿ ಬಂತು. ಗೇಣುದ್ದ ದಪ್ಪಕ್ಕೆ ಹಾಸಿದರು. ಅದು ಒಳಗೊಳಗೇ ಕಪ್ಪಾಗಿ ನಾನು ಹೇಳಿದೆನಲ್ಲ, ಆ ವಾಸನೆ ಎಬ್ಬಿಸಿತು. ಪ್ರತಿ ಸಲವೂ ಮೀನು ಸತ್ತವು. ಪ್ರತಿ ಸಲವೂ ತೊಟ್ಟಿ ಖಾಲಿ ಮಾಡಿ, ತೊಳೆದು, ಮೊದಲಿಂದ ಶುರು.

ಬೀದಿಯ ಗಂಡಸರಿಗೆ ಅದೊಂದು ತಮಾಷೆ. “ಪಕ್ದಲ್ಲಿ ಕಾವೇರಿ ಮಡಿಕ್ಕಂಡು ಮರಳ್ಗೆ ಮಂಗ್ಳೂರ್ಗೋಯ್ತಾನೆ ಕಣ್ಲಾ” ಎಂದು ಒಬ್ಬ. “ಮೀನ್ ಸಾರು ಯಾವಾಗಣ್ಣ? ಉಪ್ಪಂತೂ ಆಗ್ಲೇ ಆಕ್ಬುಟ್ಟಿದೀಯ” ಎಂದು ಇನ್ನೊಬ್ಬ. ಅಣ್ಣ ನಕ್ಕು ಒಳಗೆ ಹೋಗುತ್ತಿದ್ದರು. ಯಾರು ಏನಂದರೂ ಅದೇ ನಗು. ನನಗೆ ಆ ನಗು ಕಂಡರೇ ಸಿಟ್ಟು ಬರುತ್ತಿತ್ತು.

ಕೊನೆಗೆ ಏನನ್ನೂ ಹಾಸುವುದು ಬೇಡವೆಂದು ತೀರ್ಮಾನಿಸಿದರು. ಬರಿಯ ಗಾಜಿನ ತಳ. ಸಮುದ್ರದ ನಾಲ್ಕಾರು ಕಲ್ಲು, ಅದರ ಮೇಲೆ ಬೆರಳು ಚಾಚಿದಂಥ ಒಂದು ಹವಳ, ಒಂದು ಹೆಂಚಿನ ಚೂರು, ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಜೋಡಿ ಮೀನು. ಕೊಳೆ ಬಿದ್ದರೆ ಕಣ್ಣಿಗೆ ಕಾಣುತ್ತಿತ್ತು, ಕೊಳವೆಯಿಂದ ಎಳೆದು ತೆಗೆಯುತ್ತಿದ್ದರು. ಸ್ನಾನ ಮಾಡದೆ ತಾವೂ ಆ ನೀರು ಮುಟ್ಟುತ್ತಿರಲಿಲ್ಲ, ಬೇರೆಯವರಿಗೆ ಬೆರಳು ಅದ್ದಲೂ ಬಿಡುತ್ತಿರಲಿಲ್ಲ. ತಿಂಗಳುಗಳು ಕಳೆದವು, ಏನೂ ಸಾಯಲಿಲ್ಲ.

ಅವ್ವನಿಗೆ ಮಾತ್ರ ಸಮಾಧಾನವಿರಲಿಲ್ಲ. “ತಳ್ದಲ್ಲಿ ಒಂದಿಡಿ ಮಣ್ಣಿಲ್ದೆ ಅವು ಎಲ್ಲಿ ಕಾಲೂರವು?”

“ಮೀನ್ಗೆ ಕಾಲೆಲ್ಲವ್ವ ಅವೆ?” ಎಂದರು ಅಣ್ಣ.

“ಇಲ್ದಿದ್ರೇನ್ಲಾ, ಒರಗಕ್ಕೊಂದ್ ಜಾಗ ಬ್ಯಾಡ್ವಾ? ಇವತ್ ಚಾಪೆ ಇಲ್ದಂಗೆ ಬರೀ ನೆಲದ್ ಮ್ಯಾಲೆ ಮನಿಕ್ಕೊ, ಗೊತ್ತಾಯ್ತದೆ.”

ಗೌರಿ ಹಬ್ಬ ಹತ್ತಿರವಿದ್ದಾಗ ಅಣ್ಣ ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು, “ಬಾರವ್ವ ಇಲ್ಲಿ” ಎಂದು ಕರೆದುಕೊಂಡು ಹೋದರು. ಹೆಂಚಿನ ಮೇಲೆ ರಾಗಿ ಚೆಲ್ಲಿದಂತೆ ಕಿತ್ತಳೆ ಬಣ್ಣದ ಮೊಟ್ಟೆಗಳು. ಗಂಡುಮೀನು ಅವಕ್ಕೆ ರೆಕ್ಕೆಯಿಂದ ಗಾಳಿ ಬೀಸಿದಂತೆ ನೀರು ಬೀಸುತ್ತಿತ್ತು. “ಇವು ಮರಿಯಾದ್ರೆ ಸಾಕು ಕಣವ್ವ. ಇನ್ನೇನೂ ಕೇಳಕಿಲ್ಲ ನಾನು” ಎಂದರು. ಅವರ ಬಾಯಲ್ಲಿ ಅಂಥ ಆಸೆಯ ಮಾತು ಕೇಳಿದ್ದು ಅದೊಂದೇ ಸಲ. ಹಬ್ಬದ ಹೊತ್ತಿಗೆ ಮೊಟ್ಟೆಗಳೊಳಗೆ ಬೆಳ್ಳಿಯ ಚುಕ್ಕಿಯಂಥ ಕಣ್ಣು ಮೂಡಿದ್ದವು.

ಅವರ ಮನೆಯಲ್ಲಿ ಗೌರಿಯನ್ನು ಹೊಳೆಯ ಮರಳಿನಲ್ಲಿ ಕೂರಿಸುತ್ತಿದ್ದರು. ಮರಳು ಗುಡ್ಡೆ ಮಾಡಿ, ಅರಿಶಿನ ಕುಂಕುಮ ಏರಿಸಿ ಪೂಜೆ ಮಾಡಿ, ಆಮೇಲೆ ನೀರಿಗೆ ಬಿಡುವುದು. ಅವ್ವ ಪ್ರತಿ ವರ್ಷ ನಾಲೆಗೆ ಬಿಟ್ಟು ಬರುತ್ತಿದ್ದರು. ಆ ವರ್ಷ ಮಂಡಿನೋವು, ನಾಲೆಯ ಮೆಟ್ಟಿಲು ಇಳಿಯಲಾಗಲಿಲ್ಲ. ಅಣ್ಣ ಕಾರ್ಖಾನೆಯಲ್ಲಿದ್ದರು. ಮೈಲಿಗೆಯಲ್ಲಿ ಯಾರೂ ಮುಟ್ಟದ ಶುದ್ಧ ನೀರು ಆ ಮನೆಯಲ್ಲಿ ಒಂದೇ ಕಡೆ ಇತ್ತು...

ಸಂಜೆ ನಾನು ಅರಿಶಿನ ಕುಂಕುಮಕ್ಕೆ ಹೋದಾಗ ತೊಟ್ಟಿಯ ನೀರು ಹಳದಿಯಾಗಿತ್ತು. ಹೆಂಚಿನ ಮೇಲೆಲ್ಲ ಮರಳು. ಅಣ್ಣ ಆಗತಾನೇ ಬಂದವರು ಚಪ್ಪಲಿಯನ್ನೂ ಬಿಡದೆ ಅದರ ಮುಂದೆ ನಿಂತಿದ್ದರು.

“ಗೌರವ್ವನ್ನ ನಿನ್ ಸಮುದ್ರಕ್ಕೇ ಬುಟ್ಟಿವ್ನಿ ಮಗ” ಎಂದರು ಅವ್ವ. “ಕಾವೇರಿ ಕೊನಿಗ್ ಅಲ್ಗೇ ತಾನೆ ಓಗಾದು? ಮೀನ್ಗೂ ಒಂದ್ ನೆಲ ಆಯ್ತು.”

“ಆಯ್ತು ಬುಡವ್ವ” ಎಂದರು ಅಣ್ಣ. ಅಷ್ಟೇ.

ಬಕೀಟಿಗೆ ಹಾಕಿದ ಮೀನು ಬೆಳಗಾಗುವಷ್ಟರಲ್ಲಿ ಸತ್ತಿದ್ದವು. ಮೊಟ್ಟೆ ಉಳಿಯಲಿಲ್ಲ. ಹವಳ ಕರಗಿ ಲೋಳೆಯಾಯಿತು. ಅವ್ವ ಕೇಳಿದ್ದಕ್ಕೆ ಅಣ್ಣ, ಮೀನನ್ನು ಲಾರಿಯಲ್ಲಿ ಮಂಗಳೂರಿಗೆ ಕಳಿಸಿದೆ ಎಂದರು. ನನ್ನನ್ನು ಹೊರಗೆ ಕರೆದು, “ನೀನೂ ಏನೂ ಅನ್ಬ್ಯಾಡ ಕಣವ್ವ. ಗೊತ್ತಾದ್ರೆ ಇನ್ಮ್ಯಾಲೆ ಗೌರಿನೇ ಕೂರ್ಸಕಿಲ್ಲ ಅವ್ಳು” ಎಂದು ಮಾತು ತೆಗೆದುಕೊಂಡರು. ಎಂಥ ಒಳ್ಳೆಯ ಮನಸ್ಸು ಎಂದುಕೊಂಡೆ ಆಗ.

ಆದರೆ ಅಣ್ಣ ನುಂಗಿದ ಸಿಟ್ಟು ಬೇರೆ ದಾರಿ ಹುಡುಕಿತು. ಸಾರು ತಣ್ಣಗಿದ್ದರೆ ತಟ್ಟೆ ತಳ್ಳಿ ಏಳುತ್ತಿದ್ದರು. ಬಾಗಿಲು ತೆಗೆಯುವುದು ತಡವಾದರೆ ಗೊಣಗುತ್ತಿದ್ದರು. ಸಂಜೆ ಅವ್ವನ ಜೊತೆ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಕೂರುತ್ತಿದ್ದವರು ಪೇಪರು ಹಿಡಿದು ಒಳಗೇ ಉಳಿದರು. ಖಾಲಿ ತೊಟ್ಟಿಯನ್ನು ಯಾರಿಗೋ ಕೊಟ್ಟುಬಿಟ್ಟರು. ಚಳಿಗಾಲದ ಒಂದು ಮಧ್ಯಾಹ್ನ ಅವ್ವ ಅವರೆಕಾಯಿ ಬಿಡಿಸುತ್ತ ನನ್ನನ್ನು ಕೇಳಿದರು. “ನನ್ ಮಗ ನನ್ ಮ್ಯಾಲೆ ಯಾಕ್ ಮುನಿಸ್ಕಂಡವ್ನೆ ಅಂತ ನಿಂಗೇನಾರ ಗೊತ್ತವ್ವಾ?”

ನಾಲಿಗೆಯ ತುದಿಗೆ ಬಂದಿತ್ತು... ಮಾತು ಕೊಟ್ಟವಳು ನಾನು. ಅವತ್ತೇ ಸಂಜೆ ಅಣ್ಣನನ್ನು ದಾರಿಯಲ್ಲೇ ನಿಲ್ಲಿಸಿದೆ. “ಒಂದ್ಸಲ ಯೋಳ್ಬುಡಣ್ಣ. ಅವ್ವ ಒಂದಿನ ಅತ್ತು ಸುಮ್ನಾಯ್ತಾರೆ. ಇಂಗೆ ದಿನಾ ಕೊರಗಾದು ಬ್ಯಾಡ” ಎಂದೆ. “ನೋಡಾನ ಬುಡವ್ವ” ಎಂದು ನಕ್ಕರು. ಅದೇ ನಗು.

ಹೇಳಲಿಲ್ಲ. ಅವ್ವ ಅದೇ ಪ್ರಶ್ನೆ ಇಟ್ಟುಕೊಂಡು ಹೋದರು. ಎಷ್ಟೋ ವರ್ಷಗಳ ಮೇಲೆ ಅಣ್ಣನೂ ಹೋದರು. ತೊಟ್ಟಿಯ ತಳಕ್ಕೆ ಏನು ಹಾಸಬೇಕೆಂದು ಕಂಡಕಂಡವರನ್ನೆಲ್ಲ ಕೇಳಿದ ಮನುಷ್ಯ, ಇದೊಂದು ವಿಷಯದಲ್ಲಿ ದಾರಿಯಲ್ಲಿ ನಿಲ್ಲಿಸಿ ಹೇಳಿದರೂ ಕೇಳಲಿಲ್ಲ.

ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಒಳ್ಳೆಯ ಜನ. ಅಣ್ಣನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇದ್ದಿದ್ದರೆ ಈಗಲೂ ಹೋಗಿ ಬಯ್ಯುತ್ತಿದ್ದೆ... ಬಯ್ಯೋಣವೆಂದರೆ ಎದುರಿಗೆ ಮನುಷ್ಯನೇ ಇಲ್ಲ.